ನೂರೆಂಟನೆಯ ವರ್ಷದ ನವೆಂಬರ್

ರಾಜ್ಯೋತ್ಸವ ಸಂಚಿಕೆಯ ಈ ಪುಟದಲ್ಲಿ ನಾಡು ನುಡಿಯ ವಿಷಯವೇ ಇರಬೇಕೆಂಬುದು ನಮ್ಮ ಕೂಟದ ಹಳೆಯ ವಾಡಿಕೆ. ಆದರೆ ಈ ವರ್ಷ, 2016ರ ನವೆಂಬರ್ 1ರ ಸಂಜೆ ನಮ್ಮಲ್ಲಿ ಬಹುತೇಕರ ಮನೆಗಳಲ್ಲಿ ಟಿವಿ ಮುಂದೆ ನಡೆದದ್ದು ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯ, ಮರುದಿನ ನಡೆದದ್ದು ಏಳನೆಯದು. ಶಿಕಾಗೊದಲ್ಲಿ ಬಾಳುತ್ತಿರುವವರು ಈ ವಾರ ಬೇರೆ ಮಾತಾಡಿದ್ದೇ ಕಡಿಮೆ. ಈ ಭಾನುವಾರ ಚಳಿಗಾಲಕ್ಕೆಂದು ಇಲ್ಲಿನ ಗಡಿಯಾರಗಳನ್ನು ಹಿಂದಕ್ಕೆ ಸರಿಸಿದ್ದರಿಂದ ದೊರೆತ ಒಂದು ಗಂಟೆಯನ್ನು ಬಳಸಿಕೊಂಡು, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಲಿರುವ ಈ ಪುಟವನ್ನು ಆ ಸರಣಿ ಗೆದ್ದ ನಮ್ಮೂರಿನ ಕಬ್ಸ್ ತಂಡಕ್ಕೇ ಮೀಸಲಿಡುತ್ತಿದ್ದೇನೆ.

1908ರ ನಂತರ ಮೊದಲ ಬಾರಿಗೆ, ಅಂದರೆ 108 ವರ್ಷಗಳ ಮೇಲೆ ಕಬ್ಸ್ ಗೆದ್ದಿದೆ. ಬೇಸ್‌ಬಾಲ್ ಚೆಂಡಿಗೆ ಹಾಕುವ ಕೆಂಪು ದಾರದ ಜೋಡಿ ಹೊಲಿಗೆಗಳೂ 108 ಎಂದು ಪತ್ರಿಕೆಗಳು ಬೆರಗಿನಿಂದ ಬರೆದಾಗ, ಅಷ್ಟೋತ್ತರ ಕೇಳುತ್ತಾ ಬೆಳೆದ ನಮ್ಮವರಿಗೆ ಆ ಸಂಖ್ಯೆ ಹೊಸದೆನಿಸಲಿಲ್ಲ. ಆ ಕಾಲದ ಉದ್ದವನ್ನು ನಾನು ನಮ್ಮ ಕಡೆಯ ಲೆಕ್ಕದಲ್ಲಿಯೇ ಅಳೆದು ನೋಡಿದೆ. ಕಬ್ಸ್ ಹಿಂದಿನ ಸಲ ಗೆದ್ದಾಗ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆಗಿ ಇನ್ನೂ ಬಂದಿರಲಿಲ್ಲ, ಕನ್ನಂಬಾಡಿಯಲ್ಲಿ ಕಟ್ಟೆಯಿರಲಿಲ್ಲ, ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಲು ಏಳು ವರ್ಷ ಬಾಕಿಯಿತ್ತು. ಅಷ್ಟು ದೀರ್ಘ ಕಾಲ ಒಂದು ಊರಿನ ಜನ ಒಂದೇ ತಂಡವನ್ನು ಬಿಡದೆ ಹಿಡಿದುಕೊಂಡಿದ್ದರು.

ಈ ಸಲದ ಹಬ್ಬದ ದಿನಗಳೂ ಪಂದ್ಯಗಳೂ ಒಂದಕ್ಕೊಂದು ಹೆಣೆದುಕೊಂಡು ಬಂದವು. ನರಕ ಚತುರ್ದಶಿಯ ಶನಿವಾರ ಕಬ್ಸ್‌ನ ತವರು ಮೈದಾನ ರಿಗ್ಲಿ ಫೀಲ್ಡ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕೆ 7-2ರಿಂದ ಸೋತು, ಸರಣಿಯಲ್ಲಿ 3-1ರ ಹಿನ್ನಡೆ. ಮೊದಲು ನಾಲ್ಕು ಪಂದ್ಯ ಗೆದ್ದವರಿಗೇ ಸರಣಿ, ಇನ್ನೊಂದು ಸೋಲಾಗಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ಲಕ್ಷ್ಮೀಪೂಜೆಯ ಭಾನುವಾರ ರಾತ್ರಿ 3-2ರ ಗೆಲುವು, ಪಾಡ್ಯದ ದಿನ ಕ್ಲೀವ್‌ಲ್ಯಾಂಡಿಗೆ ಪ್ರಯಾಣ, ರಾಜ್ಯೋತ್ಸವದ ದಿನ 22 ವರ್ಷದ ಅಡಿಸನ್ ರಸೆಲ್ ಹೊಡೆದ, ಒಂದೇ ಹೊಡೆತಕ್ಕೆ ನಾಲ್ಕು ರನ್ ತರುವ ಗ್ರ್ಯಾಂಡ್ ಸ್ಲ್ಯಾಮ್‌ನ ಬಲದಿಂದ 9-3. ವರ್ಲ್ಡ್ ಸೀರೀಸ್‌ನಲ್ಲಿ 3-1ರ ಹಿನ್ನಡೆಯಿಂದ ಎದ್ದು ಗೆದ್ದ ತಂಡವನ್ನು ಈ ದೇಶ ಕೊನೆಯದಾಗಿ ಕಂಡದ್ದು 1985ರಲ್ಲಿ, ಕಾನ್ಸಾಸ್ ಸಿಟಿಯಲ್ಲಿ.

ಏಳನೆಯ ಪಂದ್ಯವನ್ನು ಎಲ್ಲರೂ ನೋಡಿದ್ದೀರಿ. ಆದರೂ ಎಂಟನೆಯ ಇನಿಂಗ್ಸ್‌ನಿಂದಾಚೆಗಿನ ಒಂದು ತಾಸನ್ನು ನಮ್ಮ ಪತ್ರಿಕೆಯಲ್ಲಿ ಕನ್ನಡದಲ್ಲಿ ದಾಖಲಿಸಿಡಬೇಕು ಎಂಬುದು ನನ್ನ ಆಸೆ. ನಿವೃತ್ತಿಯ ಹೊಸ್ತಿಲಲ್ಲಿದ್ದ 39 ವರ್ಷದ ಡೇವಿಡ್ ರಾಸ್ ತನ್ನ ಬಾಳಿನ ಕೊನೆಯ ಪಂದ್ಯದಲ್ಲಿ ಚೆಂಡನ್ನು ಗೋಡೆಯಾಚೆ ಕಳಿಸುವ ಹೋಮ್ ರನ್ ಹೊಡೆದಿದ್ದರು, ಕಬ್ಸ್ 6-3ರಿಂದ ಮುಂದಿತ್ತು, ಇನ್ನು ನಾಲ್ಕು ಔಟ್ ಸಾಕಾಗಿತ್ತು. ಹಿಂದಿನ ಎರಡು ಪಂದ್ಯಗಳಲ್ಲೂ ದುಡಿದು ದಣಿದಿದ್ದ ಕಬ್ಸ್‌ನ ಪಿಚರ್ (ಚೆಂಡು ಎಸೆಯುವವರು) ಅರೋಲ್ಡಿಸ್ ಚಾಪ್‌ಮನ್ ಚೆಂಡು ಕೈಗೆತ್ತಿಕೊಂಡರು. ಮೊದಲು ಒಂದು ರನ್ ಹೋಯಿತು, ಬಳಿಕ ಕ್ಲೀವ್‌ಲ್ಯಾಂಡ್‌ನ ರಜೈ ಡೇವಿಸ್ ಎಡಗಡೆಯ ಗೋಡೆಯಾಚೆಗೆ ಚೆಂಡನ್ನು ಕಳಿಸಿ 6-6 ಮಾಡಿದರು. ನಮ್ಮ ಬೀದಿಯಲ್ಲಿ ಆ ಹೊತ್ತು ಒಂದು ನಾಯಿಯ ದನಿಯೂ ಇರಲಿಲ್ಲ. ಒಂಬತ್ತು ಇನಿಂಗ್ಸ್ ಮುಗಿದಾಗಲೂ ಅಂಕ ಸಮ, ಅಷ್ಟರಲ್ಲಿ ಮಳೆ.

ಆ ಮಳೆಯಿಂದ ಆಟ ನಿಂತದ್ದು 17 ನಿಮಿಷ. ಆ ಬಿಡುವಿನಲ್ಲಿ ಕಬ್ಸ್‌ನ ಜೇಸನ್ ಹೇವರ್ಡ್ ಸಂಗಾತಿಗಳನ್ನೆಲ್ಲ ಕಸರತ್ತಿನ ಕೋಣೆಗೆ ಕರೆದು, ನಾವು ಈ ವರ್ಷದ ಅತ್ಯುತ್ತಮ ತಂಡ ಎಂಬುದನ್ನು ಮರೆಯಬೇಡಿ ಎಂದು ನೆನಪಿಸಿದರು. ಇದನ್ನು ಹೇಳಿದವರು ಯಾರೆಂಬುದು ನನಗೆ ಮುಖ್ಯವಾಗಿ ತೋರುತ್ತದೆ. ಎಂಟು ವರ್ಷಕ್ಕೆ 18.4 ಕೋಟಿ ಡಾಲರಿನ ಒಪ್ಪಂದದೊಡನೆ ಬಂದಿದ್ದ ಹೇವರ್ಡ್ ಬ್ಯಾಟಿಂಗ್‌ನಲ್ಲಿ ಇಡೀ ವರ್ಷ ಸೊರಗಿದ್ದರು, ಸರಾಸರಿ .230ಕ್ಕೆ ಇಳಿದಿತ್ತು, ಪತ್ರಿಕೆಗಳು ಅವರನ್ನು ದಿನವೂ ತೂಗಿ ನೋಡುತ್ತಿದ್ದವು. ಅಂಥ ಸ್ಥಿತಿಯಲ್ಲಿ ಉಳಿದವರ ಎದೆಗೆ ಧೈರ್ಯ ತುಂಬಲು ಮುಂದೆ ಬಂದು ನಿಲ್ಲುವುದಕ್ಕೆ ಬೇರೆಯದೇ ಬಗೆಯ ಕೆಚ್ಚು ಬೇಕು.

ಮಳೆ ನಿಂತ ಮೇಲೆ ಮೊದಲು ಬಂದವರು ಕೈಲ್ ಶ್ವಾರ್ಬರ್. ಏಪ್ರಿಲ್ ಮೊದಲ ವಾರದಲ್ಲೇ ಮೊಣಕಾಲಿನ ಸ್ನಾಯುಬಂಧ ಹರಿದು ಇಡೀ ಋತುವಿನಿಂದ ಹೊರಗುಳಿದಿದ್ದ ಅವರು ಫೈನಲ್‌ಗೆಂದೇ ಮರಳಿ ಬಂದಿದ್ದರು. ಅವರು ಸಿಂಗಲ್ ಹೊಡೆದು ಮೊದಲ ಬೇಸ್ ತಲುಪಿದಾಗ ಅವರ ಬದಲಿಗೆ ಆಲ್ಬರ್ಟ್ ಅಲ್ಮೋರಾ ಓಡಲು ಇಳಿದರು. ಕ್ರಿಸ್ ಬ್ರಯಂಟ್ ಎತ್ತರಕ್ಕೆ ಹೊಡೆದ ಚೆಂಡು ಕ್ಯಾಚ್ ಆಗುವುದನ್ನೇ ಅಲ್ಮೋರಾ ಬೇಸ್ ಬಿಡದೆ ಕಾದು, ಆದ ಕ್ಷಣವೇ ಎರಡನೆಯ ಬೇಸ್‌ಗೆ ಓಡಿದರು. ನನ್ನ ದೃಷ್ಟಿಯಲ್ಲಿ ಪಂದ್ಯ ತಿರುಗಿದ್ದು ಆ ಓಟದಲ್ಲಿ. ಬೆನ್ ಝೋಬ್ರಿಸ್ಟ್ ಎಡಗಡೆಯ ಗೆರೆಗುಂಟ ಹೊಡೆದ ಡಬಲ್‌ಗೆ ಅಲ್ಮೋರಾ ‘ಮನೆ’ ಮುಟ್ಟಿ ರನ್ ಗಳಿಸಿದರು, ಮಿಗೆಲ್ ಮೊಂಟೆರೊ ಇನ್ನೊಂದು ರನ್ ತಂದುಕೊಟ್ಟರು. ಕ್ಲೀವ್‌ಲ್ಯಾಂಡ್ ಒಂದು ರನ್ ಮರಳಿ ಪಡೆದ ಮೇಲೆ ಕಬ್ಸ್‌ನ ಮೈಕ್ ಮಾಂಟ್ಗಮರಿ ಎಸೆದ ಚೆಂಡು ಎದುರಾಳಿಯ ಬ್ಯಾಟಿನಿಂದ ನೆಲಕ್ಕೆ ಬಡಿದು ಬ್ರಯಂಟ್ ಕಡೆಗೆ ಉರುಳಿತು. ಅವರು ಒದ್ದೆ ಹುಲ್ಲಿನಲ್ಲಿ ಕಾಲು ಜಾರುತ್ತಲೇ ನಗುತ್ತ ಎಸೆದದ್ದು ಮೊದಲ ಬೇಸ್‌ನಲ್ಲಿದ್ದ ಆಂಥನಿ ರಿಝೊ ಕೈ ಸೇರಿತು, ಅದೇ ಕೊನೆಯ ಔಟ್. 8-7. ದೀಪಾವಳಿಗೆ ಪಟಾಕಿ ಹಚ್ಚಲು ಕಾನೂನಿನ ತಡೆಯಿರುವ ಈ ರಾಜ್ಯದಲ್ಲಿ ಆ ನಡುರಾತ್ರಿ ನಾಲ್ಕೂ ದಿಕ್ಕಿನಿಂದ ಪಟಾಕಿಯ ಸದ್ದು ಬಂತು. ಸೋತ ಕ್ಲೀವ್‌ಲ್ಯಾಂಡ್ 1948ರಿಂದ ಕಾಯುತ್ತಿದೆ. ಒಹಾಯೋದ ನಮ್ಮ ಕನ್ನಡ ಬಂಧುಗಳ ಬೇಸರವೂ ನಮಗೆ ಅರ್ಥವಾಗುತ್ತದೆ.

1945ರಲ್ಲಿ ತನ್ನ ಮೇಕೆಯನ್ನು ಮೈದಾನಕ್ಕೆ ಬಿಡಲಿಲ್ಲವೆಂದು ಮದ್ಯದಂಗಡಿಯ ಮಾಲೀಕನೊಬ್ಬ ಕೊಟ್ಟ ಶಾಪದ ಕಥೆಯನ್ನು ಮತ್ತೆ ಹೇಳುವ ಮನಸ್ಸು ನನಗಿಲ್ಲ. 1945ರ ನಂತರ ಈ ತಂಡ ಫೈನಲ್ ಕಾಣದಿದ್ದುದಕ್ಕೆ ಹೆಚ್ಚಿನ ಮಟ್ಟಿಗೆ ಕಾರಣ ದುರ್ಬಲ ಆಡಳಿತವೇ ಹೊರತು ಮೇಕೆಯಲ್ಲ. 2011ರ ಕೊನೆಯಲ್ಲಿ ಬಾಸ್ಟನ್‌ನಿಂದ ಥಿಯೊ ಎಪ್‌ಸ್ಟೀನ್ ಬಂದು ಹಳೆಯದನ್ನು ಬಿಚ್ಚಿ ಹೊಸದಾಗಿ ಕಟ್ಟಲು ತೊಡಗಿದಾಗ ಮೊದಲ ವರ್ಷವೇ 101 ಸೋಲುಗಳಾದವು. ರಿಝೊ, ಹೆಂಡ್ರಿಕ್ಸ್, ಅರಿಯೆಟಾ, ರಸೆಲ್ ಒಬ್ಬೊಬ್ಬರಾಗಿ ಬೇರೆ ತಂಡಗಳಿಂದ ಬಂದರು, ಬ್ರಯಂಟ್ ಮತ್ತು ಶ್ವಾರ್ಬರ್ ಕಾಲೇಜಿನಿಂದ ಆಯ್ಕೆಯಾದರು, ಜೋ ಮ್ಯಾಡನ್ ಮ್ಯಾನೇಜರ್ ಆದರು, ಈ ವರ್ಷ 103 ಗೆಲುವುಗಳು ಬಂದವು. ಆದರೆ 19 ಋತುಗಳಲ್ಲಿ 512 ಹೋಮ್ ರನ್ ಹೊಡೆದೂ, ಋತುವಿನ ಕೊನೆಗೆ ಅಗ್ರ ತಂಡಗಳಷ್ಟೇ ಆಡುವ ಒಂದೇ ಒಂದು ಪೋಸ್ಟ್‌ಸೀಸನ್ ಪಂದ್ಯವಾಡದ ಕಬ್ಸ್‌ನ ಹಳೆಯ ತಾರೆ ಎರ್ನಿ ಬ್ಯಾಂಕ್ಸ್ ಕಳೆದ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದರು ಎಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ಶುಕ್ರವಾರದ ಮೆರವಣಿಗೆಗೆ ನಾನು ಹೋಗಲಿಲ್ಲ. ಶನಿವಾರ ರೆಡ್ ಲೈನ್ ಹಿಡಿದು ಅಡಿಸನ್ ನಿಲ್ದಾಣದಲ್ಲಿ ಇಳಿದು ರಿಗ್ಲಿ ಫೀಲ್ಡ್ ಸುತ್ತ ಒಂದು ಸುತ್ತು ಹಾಕಿ ಬಂದೆ. ವೇವ್‌ಲ್ಯಾಂಡ್ ಮತ್ತು ಶೆಫೀಲ್ಡ್ ರಸ್ತೆಗಳ ಕಡೆಯ ಇಟ್ಟಿಗೆ ಗೋಡೆಯ ತುಂಬ ಜನ ಬಣ್ಣದ ಸೀಮೆಸುಣ್ಣದಲ್ಲಿ ಹೆಸರುಗಳನ್ನು ಬರೆದಿದ್ದಾರೆ. ಅವುಗಳಲ್ಲಿ ಬಹಳಷ್ಟು ಈ ಗೆಲುವನ್ನು ಕಾಣದೆ ಹೋದ ತಂದೆ, ತಾಯಿ, ಅಜ್ಜ, ಅಜ್ಜಿಯರ ಹೆಸರುಗಳು, ಕೆಲವಕ್ಕೆ ಹುಟ್ಟಿದ ಮತ್ತು ತೀರಿದ ಇಸವಿಗಳೂ ಉಂಟು. ಕೈಗೆಟಕುವಷ್ಟು ಜಾಗವೆಲ್ಲ ಮುಗಿದಿದ್ದರಿಂದ ಒಬ್ಬರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಮ್ಮ ತಾಯಿಯ ಹೆಸರಿನ ಒಂದೊಂದೇ ಅಕ್ಷರವನ್ನು ಕೆಳಗಿನಿಂದ ಹೇಳಿ ಬರೆಸುತ್ತಿದ್ದರು. ನನ್ನ ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಒಂದು ನೀಲಿ ತುಂಡನ್ನು ನನ್ನ ಕೈಗಿತ್ತರು. ಈ ತಂಡಕ್ಕಾಗಿ ಕಾದ ಯಾರ ಹೆಸರೂ ನನ್ನ ಮನೆತನದಲ್ಲಿ ಇಲ್ಲದ್ದರಿಂದ ಅದನ್ನು ನನ್ನ ಹಿಂದೆ ನಿಂತಿದ್ದವರಿಗೆ ದಾಟಿಸಿದೆ.

ನನ್ನ ತಂದೆ ಕಾದದ್ದು ಬೇರೊಂದು ತಂಡಕ್ಕಾಗಿ. ತಿಪಟೂರಿನಲ್ಲಿ ನಮ್ಮ ಮನೆಯ ಹತ್ತಿರದ ಕೊಬ್ಬರಿ ಮಂಡಿಯೊಂದರ ಜಗುಲಿಯ ಮೇಲೆ ಆ ದಿನದ ಧಾರಣೆಯನ್ನು ಬರೆದಿಡುವ ಕಪ್ಪು ಹಲಗೆಯಿತ್ತು. 1974ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಾಂಬೆ ವಿರುದ್ಧ ರಣಜಿ ಸೆಮಿಫೈನಲ್ ನಡೆದ ಆ ದಿನಗಳಲ್ಲಿ ಮಂಡಿಯ ಗುಮಾಸ್ತರು ಟ್ರಾನ್ಸಿಸ್ಟರ್ ಕಿವಿಗೆ ಹಚ್ಚಿಕೊಂಡು, ಧಾರಣೆಯ ಕೆಳಗೆ ಗೆರೆ ಎಳೆದು ಸ್ಕೋರನ್ನೂ ಬರೆಯುತ್ತಿದ್ದರು. ಬಾಂಬೆ ಆಗ ಸತತ ಹದಿನೈದು ವರ್ಷಗಳಿಂದ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮೈಸೂರು ಫೈನಲ್ ತಲುಪಿದ್ದ 1941-42ರಲ್ಲೂ 1959-60ರಲ್ಲೂ ಸೋತದ್ದು ಇದೇ ಬಾಂಬೆಗೆ, ಎರಡನೆಯ ಸೋಲಿನ ವಿವರವನ್ನು ತಂದೆಯವರು ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು. ವಿಶ್ವನಾಥ್ 162 ಹೊಡೆದದ್ದು, ಬ್ರಿಜೇಶ್ ಪಟೇಲ್ ಶತಕ ಬಾರಿಸಿದ್ದು, ಬಾಂಬೆಯ ವಾಡೇಕರ್ ಕಾಲು ಜಾರಿ ರನೌಟ್ ಆದದ್ದು ಎಲ್ಲವೂ ನಮಗೆ ತಿಳಿದದ್ದು ಆ ಹಲಗೆಯ ಮೇಲಿನಿಂದಲೇ. ರಾಜ್ಯದ ಹೆಸರು ಬದಲಾಗಿ ಅಂದಿಗೆ ಐದು ತಿಂಗಳೂ ತುಂಬಿರಲಿಲ್ಲ. ಗುಮಾಸ್ತರು ಅಭ್ಯಾಸಬಲದಿಂದ ಮೊದಲು ‘ಮೈಸೂರು’ ಎಂದು ಬರೆದು, ಜಗುಲಿಯ ಕೆಳಗೆ ನಿಂತ ಹುಡುಗರು ಕೂಗಿದ ಕೂಡಲೇ ಅಂಗೈಯಿಂದ ಒರೆಸಿ ‘ಕರ್ನಾಟಕ’ ಎಂದು ದಪ್ಪಕ್ಷರದಲ್ಲಿ ತಿದ್ದಿದರು. ಫೈನಲ್‌ಗೆ ದಾರಿ ತೆರೆದ ಮೊದಲ ಇನಿಂಗ್ಸ್ ಮುನ್ನಡೆ ಖಚಿತವಾದ ಸಂಜೆ ಶಾಲೆ ಮುಗಿಸಿ ನೇರ ಅಲ್ಲಿಗೇ ಬಂದ ತಂದೆಯವರು ಸೈಕಲ್ಲಿನಿಂದ ಇಳಿಯದೆ, ಒಂದು ಕಾಲನ್ನು ಜಗುಲಿಯ ಕಲ್ಲಿಗೆ ಆನಿಸಿಕೊಂಡು ಆ ಹಲಗೆಯನ್ನು ಬಹಳ ಹೊತ್ತು ನೋಡಿದರು. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಹೊಸ ಹೆಸರಿನ ಮೊದಲ ಋತುವಿನಲ್ಲೇ ಪ್ರಸನ್ನ ಅವರ ತಂಡ ರಣಜಿ ಗೆದ್ದಿತು. ಅಂದಿನಿಂದ ನಾನು ಯಾರೂ ಹೇಳಿಕೊಡದೆಯೇ ಆ ತಂಡದವನಾಗಿದ್ದೇನೆ.

ನಮ್ಮ ಮಕ್ಕಳು ಅದೇ ರೀತಿಯಲ್ಲಿ ಕಬ್ಸ್ ತಂಡದವರಾಗಿ ಬೆಳೆಯುತ್ತಿದ್ದಾರೆ, ಇದರಲ್ಲಿ ನನಗೆ ಸಂತೋಷವೇ ಇದೆ. ಇಂದು ಕನ್ನಡ ತರಗತಿಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು, “ಕಬ್ಸ್ ಗೆದ್ದಾಯ್ತಲ್ಲ, ಇನ್ನು ಅವರು ಏನಕ್ಕೆ ಕಾಯ್ತಾರೆ?” ಎಂದು ಕೇಳಿದಳು. ಫೆಬ್ರವರಿಯಲ್ಲಿ ಅರಿಜೋನಾದ ಮೆಸಾದಲ್ಲಿ ಮತ್ತೆ ಅಭ್ಯಾಸ ಶುರುವಾಗುತ್ತದೆ ಎಂದು ಅವಳ ಅಣ್ಣನೇ ಉತ್ತರ ಕೊಟ್ಟ, ಅದೂ ಪೂರ್ತಿ ಕನ್ನಡದಲ್ಲಿ. ವ್ಯಾಕರಣದ ಪಾಠದಲ್ಲಿ ಬಾಯಿ ಬಿಡದ ಹುಡುಗ ಅವನು.

ಸ್ಥಳ ಕಡಿಮೆಯಿರುವುದರಿಂದ ಪ್ರಕಟಣೆಗಳನ್ನು ಇಲ್ಲಿಯೇ ಸೇರಿಸುತ್ತಿದ್ದೇನೆ. ರಾಜ್ಯೋತ್ಸವ ಮತ್ತು ದೀಪಾವಳಿ ಕಾರ್ಯಕ್ರಮ ನವೆಂಬರ್ 12ರ ಶನಿವಾರ ಮಧ್ಯಾಹ್ನ ಮೂರಕ್ಕೆ ಆರಂಭವಾಗುತ್ತದೆ, ಊಟದ ಕೂಪನ್‌ಗಳನ್ನು ಬುಧವಾರದೊಳಗೆ ಪಡೆಯಬೇಕು, ಬಿಸಿಬೇಳೆಬಾತ್ ಅಡುಗೆಗೆ ದೊಡ್ಡ ಪಾತ್ರೆಗಳಿದ್ದವರು ದಯವಿಟ್ಟು ತಿಳಿಸಬೇಕು. ನಾಡಗೀತೆಗೆ ದನಿಗೂಡಿಸುವವರು ಒಂದು ಗಂಟೆ ಮೊದಲೇ ಬರಬೇಕು. ಚಳಿಗಾಲದ ಕೋಟುಗಳ ಸಂಗ್ರಹ ತಿಂಗಳ ಕೊನೆಯವರೆಗೂ ಇರುತ್ತದೆ. ವೇದಿಕೆಯ ಅಲಂಕಾರವನ್ನು ಎಷ್ಟೋ ವರ್ಷ ಹೊತ್ತುಕೊಂಡಿದ್ದ ದಂಪತಿ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಮರಳುತ್ತಿದ್ದಾರೆ, ಅವರನ್ನು ಅಂದೇ ಬೀಳ್ಕೊಡಲಿದ್ದೇವೆ. ಅವರ ಜಾಗ ಖಾಲಿಯಾಗುತ್ತದೆ. ಕನ್ನಡ ತರಗತಿಗೂ ಇಬ್ಬರು ಶಿಕ್ಷಕರು ಬೇಕಾಗಿದ್ದಾರೆ, ಈ ಪತ್ರಿಕೆಯ ಅಕ್ಷರ ಜೋಡಣೆಗೆ ಒಬ್ಬರಾದರೂ ಕೈ ಕೊಡದಿದ್ದರೆ ಯುಗಾದಿ ಸಂಚಿಕೆಯನ್ನು ಸಮಯಕ್ಕೆ ಹೊರತರುವುದು ನಿಜವಾಗಿಯೂ ಕಷ್ಟ.

ಕೊನೆಯದಾಗಿ, ಅಣ್ಣ ತಂಗಿಯ ಆ ಮಾತುಕತೆಯಿಂದ ಹುಟ್ಟಿದ ಒಂದು ಹೊಸ ಸ್ಪರ್ಧೆಯನ್ನು ಕಾರ್ಯಕ್ರಮಕ್ಕೆ ಸೇರಿಸಿದ್ದೇವೆ. ಏಳನೆಯ ಪಂದ್ಯದ ಹತ್ತನೆಯ ಇನಿಂಗ್ಸ್‌ನ ದೃಶ್ಯಗಳನ್ನು ದನಿಯಿಲ್ಲದೆ ಪರದೆಯ ಮೇಲೆ ತೋರಿಸುತ್ತೇವೆ, ಆರರಿಂದ ಹದಿನಾರು ವರ್ಷದೊಳಗಿನ ಮಕ್ಕಳು ತಲಾ ಎರಡು ನಿಮಿಷ ಅದಕ್ಕೆ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡಬೇಕು. ಹೋಮ್ ರನ್, ಪಿಚರ್, ಬೇಸ್ ಮುಂತಾದ ಪದಗಳನ್ನು ಹಾಗೆಯೇ ಬಳಸಬಹುದು. ಕನ್ನಡವನ್ನೂ ಬೇಸ್‌ಬಾಲನ್ನೂ ಚೆನ್ನಾಗಿ ಬಲ್ಲ ತೀರ್ಪುಗಾರರು ಸದ್ಯಕ್ಕೆ ಒಬ್ಬರೇ ಸಿಕ್ಕಿದ್ದಾರೆ, ಇನ್ನಿಬ್ಬರು ಬೇಕು. ಮಕ್ಕಳ ಹೆಸರನ್ನು ಗುರುವಾರ ರಾತ್ರಿಯೊಳಗೆ ಕೊಡಿ.