ಅಪ್ಪನಿಗೆ ಇದನ್ನು ಓದಿ ಹೇಳು

ಮ್ಯಾಂಚೆಸ್ಟರ್
ಭಾನುವಾರ ರಾತ್ರಿ

ಪ್ರೀತಿಯ ಅವ್ವ,

ನಾವಿಲ್ಲಿ ಕ್ಷೇಮ. ನೀವೆಲ್ಲ ಕ್ಷೇಮ ಅಂದುಕೊಂಡಿದ್ದೇನೆ. ಹೂಮಳೆ ಬಂತಂತೆ, ಅಕ್ಕ ಫೋಟೋ ಕಳಿಸಿದ್ದಳು. ಬೆಳ್ಳಗಾದ ಕಾಫಿ ತೋಟ ನೋಡಿ ಆ ಹೂವಿನ ವಾಸನೆ ಮೂಗಿಗೆ ಬಂದ ಹಾಗಾಯ್ತು.

ನಿನ್ನ ಪತ್ರ ಓದಿದ ಮೇಲೆ ಎರಡು ದಿನ ಸರಿಯಾಗಿ ನಿದ್ದೆ ಬಂದಿಲ್ಲ. ಮೇ ತಿಂಗಳಿಗೆ ಟಿಕೆಟ್ ಆಗಿದೆ, ಈಗ ಅಪ್ಪ ಬರುವುದಿಲ್ಲ ಅಂತ ಕೂತಿದ್ದಾರೆ. ಎದೆಬಡಿತ ಸರಿಯಾಗಿಡಲು ಎದೆಯೊಳಗೆ ಕೂರಿಸಿದ ಪೇಸ್‌ಮೇಕರ್ ಇದ್ದವರು ವಿಮಾನ ನಿಲ್ದಾಣದಲ್ಲಿ ಲೋಹ ಪತ್ತೆ ಮಾಡುವ ಆ ತಪಾಸಣೆ ಬಾಗಿಲು ದಾಟಿದರೆ ಅದು ನಿಂತೇ ಹೋಗುತ್ತದೆ ಅಂತ ಸಂತೆಯಲ್ಲಿ ಯಾರೋ ಹೇಳಿದರಂತೆ. ತೋಟಕ್ಕೆ ಆನೆ ನುಗ್ಗಿದಾಗ ಪಟಾಕಿ ಹಿಡಿದು ಎಲ್ಲರಿಗಿಂತ ಮುಂದೆ ಹೋಗುವವರು ಅಪ್ಪ. ಅವರೇ ಹೆದರಿದ್ದಾರೆ ಅಂದರೆ ನನಗೆ ಹೊಟ್ಟೆಯಲ್ಲಿ ಸಂಕಟ.

ದಿನಾ ಬೆಳಗಾದರೆ ಇಲ್ಲಿನ ವಿಮಾನ ನಿಲ್ದಾಣದಲ್ಲಿ ನಾನು ಜನರನ್ನು ಕೇಳುವುದೇ ಆ ತಪಾಸಣೆಯ ವಿಷಯ. ನಿಂತುಕೊಂಡು ಪ್ರಶ್ನೆ ಕೇಳುವುದೂ ಒಂದು ಕೆಲಸವಾ ಅಂದರಂತೆ ಚಿಕ್ಕಪ್ಪ. ಹೌದು, ಕೆಲಸವೇ. ತಪಾಸಣೆ ಮುಗಿಸಿ ಗೇಟಿನ ಹತ್ತಿರ ಕೂತವರನ್ನು ಟ್ಯಾಬ್ ಹಿಡಿದು ಮಾತಾಡಿಸಬೇಕು. ನಗುಮುಖದವರನ್ನೇ ಆರಿಸಿಕೊಳ್ಳುವ ಹಾಗಿಲ್ಲ. ಎಣಿಸಿಕೊಂಡು ಹೋಗಿ ಲೆಕ್ಕಕ್ಕೆ ಬಂದವರನ್ನೇ ಕೇಳಬೇಕು, ಮುಖ ಸಿಂಡರಿಸಿದರೂ ಸರಿ. ಎಷ್ಟು ಹೊತ್ತು ಕಾದಿರಿ, ಸಿಬ್ಬಂದಿ ಮರ್ಯಾದೆಯಿಂದ ನಡೆದುಕೊಂಡರಾ, ತಪಾಸಣೆ ಸರಿಯಾಗಿ ಆಯ್ತು ಅನ್ನಿಸಿತಾ, ಹೀಗೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಇಲ್ಲಿಯವರು ಸಾಲು ನಿಲ್ಲುವುದನ್ನು ನೀನು ನೋಡಬೇಕು, ಎಷ್ಟೇ ತಡವಾದರೂ ಯಾರೂ ಮುಂದೆ ನುಗ್ಗುವುದಿಲ್ಲ. ಆದರೆ ಒರಟು ಮಾತು ಕೇಳಿದವರು ಹತ್ತು ನಿಮಿಷ ಕಾದದ್ದನ್ನು ಅರ್ಧ ಗಂಟೆ ಅಂತಾರೆ. ಚೆನ್ನಾಗಿ ಮಾತಾಡಿಸಿದರೆ ಅರ್ಧ ಗಂಟೆ ನಿಂತದ್ದೂ ನೆನಪಿರುವುದಿಲ್ಲ.

ಹೋದ ವಾರ ಒಬ್ಬ ಅಜ್ಜ ಸಿಕ್ಕಿದರು. ಅಪ್ಪನಿಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಬಿಚ್ಚಿದ ಬೆಲ್ಟನ್ನು ಕುತ್ತಿಗೆಗೆ ಹಾಕಿಕೊಂಡು, ಒಂದು ಕೈಯಲ್ಲಿ ಪ್ಯಾಂಟು ಹಿಡಿದೇ ಬಂದು ಕೂತರು. ನಡುಗುವ ಬೆರಳಲ್ಲಿ ಬೆಲ್ಟಿನ ತೂತು ಹುಡುಕಿ ಹಾಕಿಕೊಳ್ಳುವ ತನಕ ನಾನು ಸುಮ್ನೆ ನಿಂತಿದ್ದೆ. ಆಮೇಲೆ ಅವರೇ ಜೇಬಿನಿಂದ ಕಾರ್ಡು ತೆಗೆದು ತೋರಿಸಿದರು. ಪೇಸ್‌ಮೇಕರ್ ಕಾರ್ಡು, ಅಂಚೆಲ್ಲ ಸವೆದು ಮೆತ್ತಗಾಗಿತ್ತು. ಅದನ್ನು ಇಟ್ಟುಕೊಂಡೇ ವರ್ಷಕ್ಕೆರಡು ಸಲ ಮಗಳ ಮನೆಗೆ ಹೋಗಿ ಬರುತ್ತಾರಂತೆ. "ಮುಟ್ಟುವ ಮೊದಲು ಆ ಹುಡುಗ ನನ್ನನ್ನು ಕೇಳಿದ, 5 ಬರೆದುಕೋ" ಅಂದರು. ನನಗೆ ಅಪ್ಪನದೇ ನೆನಪು.

ಈಗ ಅಪ್ಪನಿಗೆ ನಿಧಾನಕ್ಕೆ ಓದಿ ಹೇಳು. ಆಸ್ಪತ್ರೆಯವರು ಕೊಟ್ಟ ಕಾರ್ಡು ಅಂಗಿ ಜೇಬಿನಲ್ಲೇ ಇರಲಿ, ಬ್ಯಾಗಿಗೆ ಹಾಕಬೇಡಿ. ಬೆಂಗಳೂರಿನಲ್ಲಿ ಸಾಲಿಗೆ ನಿಂತಾಗಲೇ ಅದನ್ನು ತೋರಿಸಿ, ಪೇಸ್‌ಮೇಕರ್ ಇದೆ, ಕೈಯಿಂದ ತಪಾಸಣೆ ಮಾಡಿ ಅಂತ ಕೇಳಬೇಕು. ಬಾಗಿಲು ದಾಟಿದರೂ ಏನೂ ಆಗುವುದಿಲ್ಲ. ಎಂದಿನ ನಡಿಗೆಯಲ್ಲಿ ದಾಟಬೇಕು, ಅಲ್ಲೇ ನಿಲ್ಲಬಾರದು, ಒರಗಬಾರದು, ಅಷ್ಟೇ. ಆಚೆ ಒಂದು ಕೋಲಿನಂಥದ್ದು ಹಿಡಿದು ಮೈ ತಪಾಸಣೆ ಮಾಡುತ್ತಾರಲ್ವಾ, ಅದನ್ನು ಎದೆ ಮೇಲೆ ಹೊತ್ತುಗಟ್ಟಲೆ ಹಿಡಿಯಬೇಡಿ ಅಂತ ಮೊದಲೇ ಹೇಳಿದರಾಯ್ತು. ಹೇಳಲು ಸಂಕೋಚ ಬೇಡ. ಇಲ್ಲಿ ಹೊರಗೆ ಕಾಣದ ಕಾಯಿಲೆ ಇದ್ದವರಿಗೆ ಸೂರ್ಯಕಾಂತಿ ಚಿತ್ರದ ಹಸಿರು ಪಟ್ಟಿ ಕೊಡುತ್ತಾರೆ, ಕುತ್ತಿಗೆಗೆ ಹಾಕಿಕೊಳ್ಳಲು. 2016ರಲ್ಲಿ ಲಂಡನ್ ವಿಮಾನ ನಿಲ್ದಾಣ ಗ್ಯಾಟ್ವಿಕ್‌ನಲ್ಲಿ ಶುರುವಾಗಿದ್ದು. ವಾಪಸು ಹೊರಡುವಾಗ ಅಪ್ಪನಿಗೂ ಒಂದು ಕೇಳಿ ತರುತ್ತೇನೆ, ಅದನ್ನು ಕಂಡರೆ ಸಿಬ್ಬಂದಿ ತಾವಾಗಿ ನಿಧಾನಿಸುತ್ತಾರೆ.

ಅಡುಗೆಯ ಹುಳಿ ಕಾಚಂಪುಳಿ, ಜೇನು ತರುವುದಾದರೆ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ. ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿ ಇದ್ದರೆ ತೆಗೆದಿಡುತ್ತಾರೆ. 2006ರಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳಿಗೆ ಜ್ಯೂಸ್ ಬಾಟಲಿಯಲ್ಲಿ ಸ್ಫೋಟಕ ಸಾಗಿಸುವ ಸಂಚು ಸಿಕ್ಕಿಬಿತ್ತು, ಅಂದಿನಿಂದ ಈ ನಿಯಮ. ಬೇಜಾರು ಮಾಡಿಕೊಳ್ಳಬಾರದು, ಎಲ್ಲರ ಜೀವದ ಪ್ರಶ್ನೆ. ಅಪ್ಪನ ಸೊಂಟದ ಪೀಚೆಕತ್ತಿ ಮನೆಯಲ್ಲೇ ಇರಲಿ.

ಮೈಸೂರಿನ ಡಾಕ್ಟರನ್ನು ಒಮ್ಮೆ ಕಂಡು ಬನ್ನಿ, ಅವರು ಹೂಂ ಅಂದ ಮೇಲೇ ಹೊರಡಿ. ಬೇಡ ಅಂದರೆ ನಾನೇ ಬರುತ್ತೇನೆ, ಟಿಕೆಟ್ ದುಡ್ಡು ಹೋದರೆ ಹೋಗಲಿ. ಆದರೆ ಸಂತೆಯ ಮಾತು ಕೇಳಿ ಅಪ್ಪ ಮನೆಯಲ್ಲೇ ಕೂತರೆ ನನಗೆ ಸಹಿಸಲು ಆಗುವುದಿಲ್ಲ ಅವ್ವ. ತೋಟಕ್ಕೂ ಇಳಿಯುತ್ತಿಲ್ಲ ಅಂತ ಬರೆದಿದ್ದೀಯ. ಕಣದ ತನಕ ಆದರೂ ದಿನಾ ನಡೆಸು. ನನ್ನ ಚಿಂತೆ ಬೇಡ. ಚೆನ್ನಾಗಿ ಉಣ್ಣುತ್ತಿದ್ದೇನೆ, ಚಳಿಗೆ ದಪ್ಪ ಕೋಟು ಇದೆ, ಕಾಲು ನೋವೂ ಇಲ್ಲ. ಇವರೂ ಆರಾಮ. ನಿಜವಾಗಿಯೂ ಎಲ್ಲ ಚೆನ್ನಾಗಿದೆ.

ನಾಲ್ಕು ಗಂಟೆಗೆ ಏಳಬೇಕು, ಬೆಳಗಿನ ಪಾಳಿ. ಅಕ್ಕ ಭಾವನಿಗೆ ಕೇಳಿದೆ ಅನ್ನು. ಡಾಕ್ಟರು ಏನಂದರು ಅಂತ ಅವತ್ತೇ ಫೋನ್ ಮಾಡಿಸು.

ನಿನ್ನ ಮಗಳು