ನಾಲ್ಕು ದಿನದ ಮೌನ

ತೀರ್ಥಹಳ್ಳಿ
ಅಕ್ಟೋಬರ್ ಕೊನೆಯ ವಾರ

ಪ್ರೀತಿಯ ಪುಟ್ಟಿ,

ದೊಡ್ಡಮ್ಮನ ಆಶೀರ್ವಾದ. ನಿನ್ನ ಕಾಗದ ಮೂರು ಸಲ ಓದಿದೆ. ಟ್ಯಾಮರ್ಯಾಕ್ ಮರಗಳು ಬಂಗಾರದ ಬಣ್ಣಕ್ಕೆ ತಿರುಗಿ ಸೂಜಿ ಎಲೆ ಉದುರಿಸುತ್ತಿರುವುದು, ಲೂನ್ ಹಕ್ಕಿಗಳು ಕೆರೆ ಬಿಟ್ಟು ಹೋದದ್ದು, ಕರಡಿ ಬಂದು ಹಕ್ಕಿಕಾಳಿನ ಡಬ್ಬ ಕಿತ್ತುಹಾಕಿದ್ದು, ಎಲ್ಲ ಚೆಂದ ಬರೆದಿದ್ದೀಯ. ನಡುವೆ ಒಂದು ಸಾಲು ತೂರಿಸಿದ್ದೀಯ. ಗುರುವಾರ ಅಂಗಡಿಯಲ್ಲಿ ಥ್ಯಾಂಕ್ಸ್ ಹೇಳಲು ಹೋದರೆ ದನಿಯೇ ಹೊರಡಲಿಲ್ಲ, ಲೆಕ್ಕ ಹಾಕಿದರೆ ನಾಲ್ಕು ದಿನದಿಂದ ಯಾರ ಹತ್ತಿರವೂ ಮಾತಾಡಿರಲಿಲ್ಲ ಅಂತ. ಅದಾದ ಮೇಲೆ ಮತ್ತೆ ಕರಡಿ.

ನೀನು ಅಮೆರಿಕದ ಮಿನೆಸೋಟಾದ ಆ ಕಾಡಿಗೆ ಯಾಕೆ ಹೋದೆ, ಮನೆಯಲ್ಲಿ ಏನೇನು ಮಾತಾಯಿತು, ಅದೆಲ್ಲ ಇಬ್ಬರಿಗೂ ಗೊತ್ತಿದ್ದದ್ದೇ. ಆ ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. ರಾತ್ರಿ ಎದ್ದು ಕೂತು ಅದನ್ನೇ ಯೋಚಿಸಿದೆ.

ಅದೇ ಮಿನೆಸೋಟಾದಲ್ಲಿ ಟೂ ಹಾರ್ಬರ್ಸ್‌ನ ಆಚೆ ಕಾಡಿನಲ್ಲಿ ನಾವಿದ್ದ ಮನೆಯ ಫೋಟೋ ನೀನು ನೋಡಿದ್ದೀಯ. 1991ರ ಆ ವಾರದ ಸಂಗತಿಯನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ, ನಿನ್ನ ಅಮ್ಮನಿಗೂ. ಅಕ್ಟೋಬರ್ 31ಕ್ಕೆ ಹಿಮ ಶುರುವಾಗಿದ್ದು ನವೆಂಬರ್ 3ರವರೆಗೂ ಬಿತ್ತು. ಹತ್ತಿರದ ನಗರ ಡುಲೂತ್‌ನಲ್ಲಿ 36.9 ಇಂಚು. ನಿನ್ನ ದೊಡ್ಡಪ್ಪ ಡ್ಯೂಟಿಗೆ ಹೋದವರು ಅಲ್ಲೇ ಸಿಕ್ಕಿಹಾಕಿಕೊಂಡರು. ದೀಪಾವಳಿ ಹತ್ತಿರ ಬಂದಿತ್ತು. ನಮ್ಮ ಕಡೆ ಆ ರಾತ್ರಿಗಳಲ್ಲಿ ಅಂಟಿಗೆ ಪಿಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆಮನೆಗೆ ಬರುತ್ತಿದ್ದರು, ಎಷ್ಟೇ ಹೊತ್ತಾದರೂ ಅಮ್ಮ ಎದ್ದು ದೀಪಕ್ಕೆ ಎಣ್ಣೆ ಎರೆಯುತ್ತಿದ್ದಳು. ನಾನು ಕಿಟಕಿಯಲ್ಲಿ ಕೂತು ಆ ಹಾಡನ್ನೇ ನೆನೆಸಿಕೊಳ್ಳುತ್ತಿದ್ದೆ. ಎರಡನೆಯ ರಾತ್ರಿ ಒಲೆ ಆರಿತು. ಕೈಗೆಟುಕುವಲ್ಲೇ ಸೌದೆ ಇತ್ತು, ಕಡ್ಡಿಪೆಟ್ಟಿಗೆ ಇತ್ತು. ಏಳಬೇಕು ಅನಿಸಲಿಲ್ಲ. ಅಷ್ಟೇ. ಹೊದ್ದುಕೊಂಡು ಮಲಗೇ ಇದ್ದೆ.

ಪುಟ್ಟಿ, ಆ ಏಳಬೇಕು ಅನಿಸದ ಸ್ಥಿತಿಗೆ ಮುಂಚೆ ನನಗೂ ದನಿ ಹೋಗಿತ್ತು. ಅದಕ್ಕೇ ನಿನ್ನ ಸಾಲು ಓದಿ ಎದೆ ಧಸಕ್ಕೆಂದಿತು.

ಮರುದಿನ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಫಿನ್ನಿಶ್ ಅಜ್ಜಿ, ಪಕ್ಕ ಎಂದರೆ ಅರ್ಧ ಮೈಲು, ಸ್ಕೀ ಕಟ್ಟಿಕೊಂಡು ಬಂದಿದ್ದಳು. ನಿಮ್ಮ ಚಿಮಣಿಯಲ್ಲಿ ಹೊಗೆ ಕಾಣಲಿಲ್ಲ ಅಂದಳು. ಒಲೆ ಹಚ್ಚಿದಳು, ಕಾಫಿ ಕಾಸಿದಳು, ಹೆಚ್ಚು ಮಾತಾಡಲಿಲ್ಲ. ದಿನಾ ಬೆಳಗ್ಗೆ ನಮ್ಮ ಹೊಗೆ ನೋಡುತ್ತಿದ್ದಳಂತೆ. ಅದಕ್ಕೂ ಮೊದಲು ಪ್ರತಿ ಶನಿವಾರ ಸೌನಾಕ್ಕೆ ಬಾ ಅಂತ ಕರೆಯುತ್ತಿದ್ದಳು. ಹೆಂಗಸರೆಲ್ಲ ಬಟ್ಟೆ ತೆಗೆದು ಆವಿಯಲ್ಲಿ ಕೂರುವುದೆಂದರೆ ನನಗೆ ಸಂಕೋಚ. ಏನಾದರೊಂದು ನೆಪ ಹೇಳುತ್ತಿದ್ದೆ. ಆ ಚಳಿಗಾಲ ಕಳೆಯುವುದರೊಳಗೆ ಅಜ್ಜಿ ತೀರಿಕೊಂಡಳು. ಒಂದು ಶನಿವಾರವಾದರೂ ಹೋಗಬಹುದಿತ್ತು. ಆವಿಗೆ ಹೆದರಿದ್ದರೆ ಹೊರಗಿನ ಬೆಂಚಿನಲ್ಲಾದರೂ ಕೂತಿರಬಹುದಿತ್ತು.

ಅಮ್ಮನಿಗೆ ಬರೆದ ಕಾಗದಗಳಲ್ಲಿ ಎಲ್ಲಾ ಸೌಖ್ಯ ಅಂತಲೇ ಬರೆದೆ. ಎಲೆಯ ಬಣ್ಣ ಬರೆದೆ, ಜಿಂಕೆ ಬಂದದ್ದು ಬರೆದೆ. ನೀನು ಕರಡಿ ಬರೆದ ಹಾಗೆ. ಅವಳು ಅದನ್ನು ನಂಬಿಕೊಂಡೇ ಹೋದಳು.

ಬುದ್ಧಿ ಹೇಳುವ ಅರ್ಹತೆ ನನಗೆಷ್ಟಿದೆಯೋ. ಆದರೂ ಕೇಳುತ್ತೇನೆ, ಎರಡು ಕಾರ್ಡ್ ಸೌದೆ ಹಾಕಿಸಿದೆ ಅಂದೆಯಲ್ಲ, ಅಳೆದು ನೋಡಿದ್ದೀಯಾ? ಒಂದು ಕಾರ್ಡ್ ಎಂದರೆ 4 ಅಡಿ ಎತ್ತರ, 4 ಅಡಿ ಅಗಲ, 8 ಅಡಿ ಉದ್ದದ ಒಟ್ಟಿಲು. ಬರ್ಚ್ ತುಂಡುಗಳನ್ನು ಸೀಳದೆ ಬಿಡಬೇಡ, ತೊಗಟೆಯೊಳಗೇ ಕೊಳೆಯುತ್ತವೆ. ಹಸಿ ಸೌದೆ ಉರಿಸಿದರೆ ಚಿಮಣಿಯೊಳಗೆ ಮಸಿ ಕಟ್ಟಿ ಬೆಂಕಿ ಹತ್ತೀತು. ಕಾರ್ಬನ್ ಮಾನಾಕ್ಸೈಡ್ ಅಲಾರಮ್ಮಿನ ಬ್ಯಾಟರಿ ಬದಲಿಸು. ನಮ್ಮಮ್ಮ ಮಳೆಗಾಲ ಹಿಡಿಯುವ ಮುಂಚೆ ಕೊಟ್ಟಿಗೆ ಅಟ್ಟದಲ್ಲಿ ಸೌದೆ ಒಟ್ಟುತ್ತಿದ್ದುದು ಸುಮ್ಮನೆ ಕಣ್ಣಿಗೆ ಬರುತ್ತದೆ. ಒಬ್ಬಳೇ ಒಟ್ಟಿದ್ದು ನಾನು ನೋಡಿದ ನೆನಪಿಲ್ಲ. ಆಚೆಮನೆಯವರು ಯಾರಾದರೂ ಇರುತ್ತಿದ್ದರು.

ಮತ್ತೆ ಅಲ್ಲಿಗೇ ಬಂದೆ ನೋಡು. ನಾಲ್ಕು ದಿನ.

ನವೆಂಬರಿನಲ್ಲಿ ಜಿಂಕೆ ಬೇಟೆಯ ಕೋವಿಗಳು ಹೊರಬರುತ್ತವೆ, ಅಂಚೆ ಡಬ್ಬಿಯವರೆಗೆ ಹೋಗುವಾಗಲೂ ಆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೋ. ಅಲ್ಲಿ ನಿನ್ನ ಈಲಿ ಊರಿನ ಸುತ್ತಲೂ ಫಿನ್ನಿಶ್ ಮನೆತನಗಳು ಇದ್ದೇ ಇವೆ. ಯಾರಾದರೂ ಶನಿವಾರ ಕರೆದರೆ, ಸಂಕೋಚವಾದರೂ, ಹೋಗು ಮಗಾ. ಕರೆಯದಿದ್ದರೆ ಕೊಬ್ಬರಿ ಮಿಠಾಯಿ ತಗೊಂಡು ನೀನೇ ಹೋಗು. ಇದು ಸರಿಯಾದ ಸಲಹೆಯೋ ಅಲ್ಲವೋ ತಿಳಿಯದು, ನಾನು ಮಾಡದೇ ಬಿಟ್ಟದ್ದನ್ನು ಹೇಳುತ್ತಿದ್ದೇನೆ.

ನವೆಂಬರ್ ಮೊದಲ ಭಾನುವಾರ ನಿಮ್ಮ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಐದು ಗಂಟೆಯೊಳಗೇ ಕತ್ತಲು. ಆಮೇಲೆ ನಿನಗೆ ಸಂಜೆ ಆರೂವರೆ ಎಂದರೆ ನನಗೆ ಬೆಳಗ್ಗೆ ಆರು. ಆ ಹೊತ್ತಿಗೆ ನಾನು ಎದ್ದು ಕಾಫಿಗೆ ನೀರಿಟ್ಟಿರುತ್ತೇನೆ. ದಿನಾ ಫೋನ್ ಮಾಡು. ಹೇಳುವುದಕ್ಕೆ ಏನೂ ಇಲ್ಲದಿದ್ದರೆ ಫೋನನ್ನು ಒಲೆಯ ಪಕ್ಕದಲ್ಲಿಡು, ಸೌದೆ ಹಾಕುವ ಸದ್ದು ನನಗೆ ಕೇಳಿಸಿದರೆ ಸಾಕು.

ನಿನ್ನ,
ದೊಡ್ಡಮ್ಮ