ಲಯನ್ಸ್ ಕ್ಲಬ್ಬಿನ ಹಳೇ ಪುಸ್ತಕ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಹೇಗಿದ್ದೀಯಾ? ನಾನಂತೂ ಸುಮ್ನೆ ಒಂದು ಕೆಲಸ ಮೈಮೇಲೆ ಎಳೆದುಕೊಂಡಿದ್ದೇನೆ. ನಮ್ಮಪ್ಪಂದಿರು ಮೆಂಬರಾಗಿದ್ದ ಸಮಾಜಸೇವೆಯ ಸಂಘ, ಅದೇ ಮಂಡ್ಯದ ಲಯನ್ಸ್ ಕ್ಲಬ್ಬಿನವರು ಸ್ಮರಣ ಸಂಚಿಕೆ ತರುತ್ತಾರಂತೆ. ಅದಕ್ಕೆ ‘ನಡೆದು ಬಂದ ದಾರಿ’ ಬರೆದುಕೊಡಬೇಕು. ಅಪ್ಪನ ಟ್ರಂಕಿನಿಂದ ಹಳೇ ಮಿನಿಟ್ಸ್ ಪುಸ್ತಕಗಳನ್ನು ತೆಗೆದು ಕೂತಿದ್ದೇನೆ. ಕಾಲು ಭಾಗ ಗೆದ್ದಲಿನ ಪಾಲು.

ಲಯನ್ಸನ್ನು 1917ರಲ್ಲಿ ಶಿಕಾಗೋದ ಇನ್ಶೂರೆನ್ಸ್ ವ್ಯಾಪಾರಿ ಮೆಲ್ವಿನ್ ಜೋನ್ಸ್ ಶುರು ಮಾಡಿದ್ದು, 1956ರಲ್ಲಿ ಬೊಂಬಾಯಿಗೆ ಬಂದದ್ದು, ಇವೆಲ್ಲ ಎಲ್ಲರ ಸಂಚಿಕೆಯಲ್ಲೂ ಇರುತ್ತದೆ. ಬಿಡು.

ಟೇಲ್ ಟ್ವಿಸ್ಟರ್ ನೆನಪಿದೆಯಾ? ಮೀಟಿಂಗಿನಲ್ಲಿ ತಮಾಷೆಗೆ ದಂಡ ಹಾಕುವ ಹುದ್ದೆ. ಒಂದು ವರ್ಷ ನಿಮ್ಮಪ್ಪ ಇದ್ದರು. ಕ್ಲಬ್ಬಿನ ಪಿನ್ ಹಾಕಿಲ್ಲ ಅಂತ ದಂಡ, ಟೈ ಜಾಸ್ತಿ ಚೆನ್ನಾಗಿದೆ ಅಂತಲೂ ದಂಡ. ಗದ್ದೆಯಿಂದ ಸೀದಾ ಬಂದು ಪಂಚೆಯಲ್ಲೇ ಕೂತ ನಮ್ಮಪ್ಪನಿಗೆ ಎರಡು ರೂಪಾಯಿ ಬಿದ್ದದ್ದು ಪುಸ್ತಕದಲ್ಲಿ ದಾಖಲಾಗಿದೆ.

1925ರಲ್ಲಿ, ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲರ್ ಅಲ್ಲಿನ ಒಹಾಯೋದಲ್ಲಿ ನಡೆದ ಲಯನ್ಸ್ ಸಮಾವೇಶದಲ್ಲಿ, ಕಣ್ಣಿಲ್ಲದವರ ಪರ ನಿಲ್ಲಿ ಅಂತ ಲಯನ್ಸಿನವರನ್ನು ಕೇಳಿಕೊಂಡರು. ಆ ಮಾತೇ ಸುತ್ತಿ ಬಳಸಿ ನಮ್ಮೂರಿನ ಶಾಲೆಗೆ ಕಣ್ಣಿನ ಕ್ಯಾಂಪಾಗಿ ಬಂತು. ದಸರಾ ರಜೆಯಲ್ಲಿ ಬೆಂಚೆಲ್ಲ ಆಚೆ ಹಾಕಿ, ಚಾಪೆ ಹಾಸಿ, ನಾಗಮಂಗಲ, ಮಳವಳ್ಳಿ ಕಡೆಯ ಅಜ್ಜ ಅಜ್ಜಿಯರನ್ನು ಸಾಲಾಗಿ ಮಲಗಿಸುತ್ತಿದ್ದರು. ತಲೆ ಅಲ್ಲಾಡದಿರಲಿ ಅಂತ ಎರಡೂ ಪಕ್ಕ ಮರಳಿನ ಚೀಲ. ಆಗ ಕಣ್ಣೊಳಗೆ ಲೆನ್ಸ್ ಇಡುತ್ತಿರಲಿಲ್ಲ. ಪೊರೆ ತೆಗೆದು, ಆಮೇಲೆ ಸೋಡಾ ಬಾಟಲಿಯ ತಳದಂಥ ಕನ್ನಡಕ ಕೊಡುತ್ತಿದ್ದರು. ಅಗಿಯಬಾರದು ಅಂತ ಗಂಜಿಯೇ ಊಟ. ‘ಮುದ್ದೆ ಯಾರು ಅಗಿತಾರೆ, ನುಂಗ್ತೀನಿ ಕೊಡಿ’ ಅಂತ ಒಬ್ಬ ತಾತ ಜಗಳ ತೆಗೆದಿದ್ದ. ನೀರು ಕೊಡಲು ಹೋದ ನಿನ್ನ ಮುಖವನ್ನು ಒಬ್ಬಳು ಅಜ್ಜಿ ಸವರಿ ‘ಯಾರ ಮಗನಪ್ಪಾ’ ಅಂದಾಗ ನೀನು ಲೋಟ ಬಿಟ್ಟು ಓಡಿದ್ದೆ.

ಆ ಕ್ಯಾಂಪಿಗೆ ಪುಸ್ತಕದಲ್ಲಿ ಪೂರ್ತಿ ಒಂದು ಪುಟ ಇದೆ. ಡಾಕ್ಟರ ಹೆಸರಿದೆ, ವ್ಯಾನ್ ಕೊಟ್ಟವರ ಹೆಸರಿದೆ, ಶಾಮಿಯಾನದವನ ಬಾಕಿಯೂ ಇದೆ. ಮೂರು ಹೊತ್ತು ಬೇಯಿಸಿ ಹಾಕಿದವರಿಗೆ ಒಂದೇ ಸಾಲು: ‘ಲಯನ್ ಲೇಡಿಯರು ಸಹಕರಿಸಿದರು.’ ಅಂದರೆ ಮೆಂಬರುಗಳ ಹೆಂಡತಿಯರು. ಆಗ ಹೆಂಗಸರು ಮೆಂಬರ್ ಆಗುವ ಹಾಗೇ ಇರಲಿಲ್ಲ. 1987ರಲ್ಲಿ ನಿಯಮ ಬದಲಾಯಿತು. ನಮ್ಮ ಕ್ಲಬ್ಬಿಗೆ ಆ ಸುದ್ದಿ ಮುಟ್ಟಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಅಂಚೆಯವರ ತಪ್ಪೇನಲ್ಲ, ಬಿಡು.

ಆ ಹೆಂಗಸರ ಹೆಸರು ಹಾಕದೆ ನಾನು ಬರೆದುಕೊಡುವುದಿಲ್ಲ. ಅಮ್ಮನನ್ನು ಕೇಳಿದೆ. ‘ಬ್ಯಾಂಕ್ ಮ್ಯಾನೇಜರ್ ಮನೆಯವರು, ರೈಸ್ ಮಿಲ್ಲಿನ ಸೊಸೆ’ ಅಂದಳು. ಅವಳಿಗೂ ಹೆಸರು ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಅಟ್ಟದ ಮೇಲಿನ ಹಿತ್ತಾಳೆ ಕೊಳಗ ಇಳಿಸು ಅಂದಳು. ಕ್ಯಾಂಪಿನ ಗಂಜಿಯ ಕೊಳಗ. ಇಷ್ಟು ವರ್ಷ ವಾಪಸ್ ಕೊಟ್ಟೇ ಇಲ್ಲ! ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ನಿಮ್ಮಮ್ಮನ ಹೆಸರು, ಇನಿಷಿಯಲ್ ಸಮೇತ. ಅದೂ ತವರಿನ ಇನಿಷಿಯಲ್.

ಉಳಿದವರ ಹೆಸರು ನಿಮ್ಮಮ್ಮನಿಗೆ ನೆನಪಿದೆಯಾ ಕೇಳಿ ಬೇಗ ಬರಿ. ಕೊಳಗ ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದೇನೆ, ಬಂದಾಗ ತೆಗೆದುಕೊಂಡು ಹೋಗು. ಒಳಗಿನ ಕಲಾಯಿ ಹೋಗಿದೆ. ಒಂದು ಹಿಡಿಯೂ ಮುರಿದಿದೆ. ಅದು ಮಾತ್ರ ತಾನು ಮುರಿದದ್ದಲ್ಲ ಅಂತ ಅಮ್ಮ ಹೇಳಲು ಹೇಳಿದ್ದಾಳೆ.

ನಿನ್ನ
ಹಳೇ ಬೆಂಚಿನವನು